ಕ್ಲಚ್ ಬದಲಾವಣೆ: ಮನೆಯ ಅಂಗಳದಲ್ಲಿ ಸಾಧ್ಯವೆ?

ನಾಶಿಕದಿಂದ ತ್ರ್ಯಂಬಕೇಶ್ವರಕ್ಕೆ ಹೋಗುವ ಹಾದಿಯಲ್ಲಿ ಸಾತಪುರವನ್ನು ಹಾಯ್ದು ಹೋಗುವವರಿಗೆ ಅದು ಯಂತ್ರಗಳ ಊರೆಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಮಹೀಂದ್ರ ಕಂಪನಿಯ ಮೋಟಾರು ಕಾರಖಾನೆ ಇಲ್ಲಿದೆ. 1951ರಲ್ಲಿ ಸ್ಥಾಪಿತವಾಗಿ, ಇಂದು ಬಾಷ್ ಎಂಬ ಹೆಸರು ತಳೆದಿದ್ದರೂ ನಮ್ಮವರ ಬಾಯಲ್ಲಿ ಇನ್ನೂ 'ಮೈಕೋ' ಆಗಿಯೇ ಉಳಿದಿರುವ ಕಂಪನಿಯ ಶಾಖೆಯೂ ಇಲ್ಲಿದೆ. ಕಾರಖಾನೆ ಇದ್ದಲ್ಲಿ ಪಾಳಿಯ ಕೆಲಸಗಾರರು, ಕೆಲಸಗಾರರು ಇದ್ದಲ್ಲಿ ಚಹಾ-ತಿಂಡಿಯ ಹೋಟೆಲು, ಹೋಟೆಲಿನ ಹಿಂಬದಿಯಲ್ಲಿ ಹಾಲು, ತರಕಾರಿ, ಹಿಟ್ಟಿನ ಮೂಟೆಗಳನ್ನು ಹೊತ್ತು ತರುವ ಒಂದು ಹಳೆಯ ವ್ಯಾನು. ಮಹಾರಾಷ್ಟ್ರದ ಕೈಗಾರಿಕಾ ಊರುಗಳಲ್ಲಿ ಇದು ಪರಿಚಿತ ನೋಟ.

ಆ ವ್ಯಾನು ಒಂದು ಮುಂಜಾನೆ ಏರಿನಲ್ಲಿ ನಿಂತುಬಿಟ್ಟರೆ ಆ ದಿನದ ಇಡ್ಲಿಯೂ ನಿಂತಂತೆ. ಗ್ಯಾರೇಜಿಗೆ ಒಯ್ದರೆ ಬಿಡಿಭಾಗಗಳ ಬೆಲೆಯ ಜೊತೆಗೆ ಕೂಲಿಯನ್ನೂ ತೆರಬೇಕು. ಗಾಡಿ ಎಂದು ಕೈಸೇರುವುದೋ ಹೇಳಬರುವುದಿಲ್ಲ. ಆದುದರಿಂದ, ಸ್ವಲ್ಪ ಕೈಚಳಕವುಳ್ಳ ಮನುಷ್ಯನು ಕ್ಲಚ್ಚನ್ನು ತಾನೇ ಬದಲಿಸಿಕೊಳ್ಳಬಹುದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಉತ್ತರವು 'ಹೌದು' ಎಂದೇ. ಆದರೆ ಎಲ್ಲ ಗಾಡಿಗಳಲ್ಲಿಯೂ ಅಲ್ಲ, ಎಲ್ಲ ಸ್ಥಳಗಳಲ್ಲಿಯೂ ಅಲ್ಲ, ಮತ್ತು ಎಂದಿಗೂ ಒಬ್ಬಂಟಿಯಾಗಿ ಅಲ್ಲ.

ಕ್ಲಚ್ ಎಂದರೇನು?

ತಿರುಗುತ್ತಿರುವ ಒಂದು ತಟ್ಟೆಗೆ ಇನ್ನೊಂದು ತಟ್ಟೆಯನ್ನು ಒತ್ತಿ ಹಿಡಿದರೆ ಎರಡನೆಯದೂ ತಿರುಗತೊಡಗುತ್ತದೆ. ಒತ್ತಡವನ್ನು ತೆಗೆದರೆ ಅವು ಬೇರೆಯಾಗುತ್ತವೆ. ಕ್ಲಚ್ಚಿನ ತತ್ತ್ವವೆಲ್ಲ ಇಷ್ಟೇ. ಎಂಜಿನ್ನಿಗೆ ಜೋಡಿಸಿದ ಭಾರವಾದ ಚಕ್ರವು ಫ್ಲೈವೀಲ್. ಅದಕ್ಕೂ ಪ್ರೆಶರ್ ಪ್ಲೇಟಿಗೂ ನಡುವೆ ಸಿಕ್ಕಿಕೊಂಡಿರುವುದು ಕ್ಲಚ್ ಪ್ಲೇಟ್. ಕಾಲಿನಿಂದ ಪೆಡಲನ್ನು ಒತ್ತಿದಾಗ ರಿಲೀಸ್ ಬೇರಿಂಗ್ ಎಂಬ ಭಾಗವು ಪ್ರೆಶರ್ ಪ್ಲೇಟಿನ ಸ್ಪ್ರಿಂಗನ್ನು ಅದುಮಿ ಹಿಡಿತವನ್ನು ಬಿಡಿಸುತ್ತದೆ.

ಮೋಟಾರು ಗಾಡಿಯ ಬಾಲ್ಯದಲ್ಲಿ ಈ ಕೆಲಸವನ್ನು ಚರ್ಮದ ಪಟ್ಟಿಗಳೇ ಮಾಡುತ್ತಿದ್ದವು. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಮಹಿಳೆಯು ತನ್ನ ಇಬ್ಬರು ಮಕ್ಕಳೊಡನೆ ಮ್ಯಾನ್‌ಹೈಮ್‌ನಿಂದ ಫೋರ್ತ್ಸ್‌ಹೈಮ್‌ವರೆಗೆ, ಪತಿ ನಿರ್ಮಿಸಿದ ಗಾಡಿಯಲ್ಲಿ ನೂರು ಕಿಲೋಮೀಟರಿಗೂ ಮಿಕ್ಕಿ ಪ್ರಯಾಣ ಮಾಡಿದಳು. ದಾರಿಯಲ್ಲಿ ಬ್ರೇಕು ಸವೆದಾಗ ಒಬ್ಬ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿದಳು; ಇಂಧನದ ಕೊಳವೆ ಕಟ್ಟಿಕೊಂಡಾಗ ಟೊಪ್ಪಿಗೆಯ ಸೂಜಿಯಿಂದ ಬಿಡಿಸಿದಳು. ಗಾಡಿಯನ್ನು ನಡೆಸುವವರೇ ಅದನ್ನು ರಿಪೇರಿ ಮಾಡಿಕೊಳ್ಳುವ ಸಂಪ್ರದಾಯವು ಮೋಟಾರಿನಷ್ಟೇ ಹಳೆಯದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಯಾವ ಗಾಡಿ ಯೋಗ್ಯ?

ಮನೆಯ ಕೆಲಸಕ್ಕೆ ಒಗ್ಗುವ ಗಾಡಿಗಳಲ್ಲಿ ಮಾರುತಿ ವ್ಯಾನನ್ನು ಮೊದಲು ಹೆಸರಿಸಬೇಕು. 1984ರಲ್ಲಿ ಬಂದು, ಅನಂತರ 'ಓಮ್ನಿ' ಎನ್ನಿಸಿಕೊಂಡು, 2019ರವರೆಗೆ ತಯಾರಾದ ಈ ಗಾಡಿಯ ಎಂಜಿನ್ ಮುಂದಿನ ಆಸನಗಳ ಕೆಳಗಿದೆ. ಅದರ ಹಿಂದೆ ಗೇರ್ ಬಾಕ್ಸ್. ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂಗಾಲಿಗಳಿಗೆ ಶಕ್ತಿ. ಎಂಜಿನ್ನನ್ನು ಕದಲಿಸದೆ, ಗೇರ್ ಬಾಕ್ಸನ್ನು ಮಾತ್ರ ಕೆಳಗಿಳಿಸಿ ಕ್ಲಚ್ಚನ್ನು ತಲಪಬಹುದು. ಪೆಡಲಿಗೂ ಕ್ಲಚ್ಚಿಗೂ ನಡುವೆ ಇರುವುದು ಕೇವಲ ಒಂದು ತಂತಿಯ ಕೇಬಲ್.

ಇದಕ್ಕೆ ವ್ಯತಿರಿಕ್ತವಾಗಿ, ಮುಂಗಾಲಿಗಳಿಂದ ಓಡುವ ಇಂದಿನ ಬಹುತೇಕ ಸಣ್ಣ ಕಾರುಗಳಲ್ಲಿ ಎಂಜಿನ್ ಅಡ್ಡವಾಗಿ ಕುಳಿತಿರುತ್ತದೆ. ಅಲ್ಲಿ ಎರಡೂ ಬದಿಯ ಡ್ರೈವ್ ಶಾಫ್ಟುಗಳನ್ನು ಕಳಚಬೇಕು. ಎಂಜಿನ್ನನ್ನು ಮೇಲಿನಿಂದ ತೂಗಿ ಹಿಡಿಯಬೇಕು. ತಾನಾಗಿ ಗೇರು ಬದಲಿಸುವ ಗಾಡಿಗಳಿಗೆ ಬೇರೆಯೇ ಉಪಕರಣಗಳು ಬೇಕು. ಇವುಗಳಿಗೆ ಗ್ಯಾರೇಜೇ ಸರಿ. ವಿದ್ಯುತ್ತಿನಿಂದ ಓಡುವ ಹೊಸ ಗಾಡಿಗಳ ಒಡೆಯರಿಗಂತೂ ಈ ಚಿಂತೆಯೇ ಇಲ್ಲ. ಅವುಗಳಲ್ಲಿ ಕಾಲಿನಿಂದ ಒತ್ತುವ ಕ್ಲಚ್ಚೇ ಇರುವುದಿಲ್ಲ.

ಮೊದಲು ರೋಗ, ಆಮೇಲೆ ಔಷಧ

ಗೇರು ಕಿರುಗುಟ್ಟಿದ ಮಾತ್ರಕ್ಕೆ ಕ್ಲಚ್ ಸವೆದಿದೆಯೆಂದು ತೀರ್ಮಾನಿಸಕೂಡದು. ಕೇಬಲ್ ಸಡಿಲಗೊಂಡಿರಬಹುದು, ಎಳೆ ಹರಿದಿರಬಹುದು. ಕೆಲವು ನಿಮಿಷಗಳ ಆ ಪರೀಕ್ಷೆಯನ್ನು ಮಾಡದೆ ಗೇರ್ ಬಾಕ್ಸ್ ಇಳಿಸಲು ಹೊರಡುವುದು ವ್ಯರ್ಥ ಶ್ರಮ.

ಪ್ಲೇಟು ನಿಜವಾಗಿಯೂ ಸವೆದಿದ್ದರೆ ಅದರ ಲಕ್ಷಣಗಳು ಸ್ಪಷ್ಟವಾಗಿರುತ್ತವೆ. ಏರಿನಲ್ಲಿ ಎಂಜಿನ್ ಗರ್ಜಿಸುತ್ತದೆ, ಗಾಡಿಯ ವೇಗ ಮಾತ್ರ ಏರುವುದಿಲ್ಲ. ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಮುಂಬಯಿಯಿಂದ ಬರುವವರು ಕಸಾರಾ ಘಾಟಿನಲ್ಲಿ ಇದನ್ನು ಚೆನ್ನಾಗಿ ಗುರುತಿಸಬಲ್ಲರು. ಸಮತಟ್ಟಾದ ಜಾಗದಲ್ಲಿ, ಮುಂದೆ ಯಾರೂ ಇಲ್ಲದಾಗ, ಹ್ಯಾಂಡ್ ಬ್ರೇಕನ್ನು ಬಿಗಿದು, ನಾಲ್ಕನೆಯ ಗೇರಿನಲ್ಲಿ ಪೆಡಲನ್ನು ಮೆಲ್ಲಗೆ ಬಿಟ್ಟು ನೋಡಬೇಕು. ಎಂಜಿನ್ ಕೂಡಲೇ ನಿಂತರೆ ಕ್ಲಚ್ಚಿನಲ್ಲಿ ಹಿಡಿತವಿದೆ. ನಿಲ್ಲದೆ ತಿರುಗುತ್ತಲೇ ಇದ್ದರೆ ಹಿಡಿತ ಹೋಗಿದೆ. ಈ ಪರೀಕ್ಷೆಯನ್ನು ಒಮ್ಮೆ ಮಾಡಿದರೆ ಸಾಕು. ಮತ್ತೆ ಮತ್ತೆ ಮಾಡಿದರೆ ಉಳಿದುದೂ ಸುಟ್ಟುಹೋಗುತ್ತದೆ.

ಜೀವಕ್ಕಿಂತ ಕೂಲಿ ಹೆಚ್ಚಲ್ಲ

ಗಾಡಿಯ ಕೆಳಗೆ ತೂರುವವನು ತನ್ನ ಎದೆಯ ಮೇಲೆ ನೂರಾರು ಕಿಲೋ ಕಬ್ಬಿಣವನ್ನು ತೂಗಹಾಕಿಕೊಳ್ಳುತ್ತಾನೆಂಬುದನ್ನು ಕ್ಷಣಕಾಲವೂ ಮರೆಯಲಾಗದು. ಜಾಕ್ ಎತ್ತುವ ಸಾಧನವೇ ಹೊರತು ಹೊರುವ ಸಾಧನವಲ್ಲ. ಎತ್ತಿದ ಕೂಡಲೇ ಗಾಡಿಯ ಭಾರವನ್ನು ಗಟ್ಟಿಯಾದ ಉಕ್ಕಿನ ಸ್ಟ್ಯಾಂಡುಗಳ ಮೇಲೆ, ಕೈಪಿಡಿಯಲ್ಲಿ ತೋರಿಸಿದ ಸ್ಥಾನಗಳಲ್ಲಿ ಇಳಿಸಬೇಕು. ಇಟ್ಟಿಗೆ, ಸಿಮೆಂಟಿನ ಪೊಳ್ಳು ಕಲ್ಲು, ಹಾಲಿನ ಕ್ರೇಟು ಇವುಗಳನ್ನು ನಂಬುವುದು ಆತ್ಮಘಾತಕ್ಕೆ ಸಮಾನ. ನೆಲವು ಸಮವಾದ ಕಾಂಕ್ರೀಟಿನದಾಗಿರಬೇಕು. ಮಳೆಗಾಲದ ಮಣ್ಣಿನಂಗಳ ಸಲ್ಲದು.

ಇನ್ನೊಂದು ಮಾತು. ಪ್ರೊಪೆಲ್ಲರ್ ಶಾಫ್ಟನ್ನು ಕಳಚಿದ ಮೇಲೆ 'ಗಾಡಿ ಗೇರಿನಲ್ಲಿದೆ' ಎಂಬ ಧೈರ್ಯಕ್ಕೆ ಅರ್ಥವಿಲ್ಲ. ಎಂಜಿನ್ನಿಗೂ ಗಾಲಿಗಳಿಗೂ ಆಗ ಸಂಬಂಧವೇ ಇರುವುದಿಲ್ಲ. ಆದಕಾರಣ ನೆಲದ ಮೇಲಿರುವ ಗಾಲಿಗಳಿಗೆ ಎರಡೂ ಬದಿಯಿಂದ ಮರದ ತುಂಡುಗಳನ್ನು ಅಡ್ಡವಿಡಬೇಕು. ಕೆಳಗೆ ತೂರುವ ಮುನ್ನ ಗಾಡಿಯನ್ನು ಅಲುಗಿಸಿ ನೋಡಬೇಕು. ಹತ್ತಿರದಲ್ಲಿ ಒಬ್ಬ ಜೊತೆಗಾರನಿರಲೇಬೇಕು.

ಕೆಲಸದ ಕ್ರಮ

ಎಂಜಿನ್ನೂ ಸೈಲೆನ್ಸರೂ ತಣ್ಣಗಾದ ಮೇಲೆ ಬ್ಯಾಟರಿಯ ಋಣ ತಂತಿಯನ್ನು ಕಳಚಬೇಕು. ಗೇರ್ ಎಣ್ಣೆಯನ್ನು ಪಾತ್ರೆಗೆ ಇಳಿಸಿ, ಪ್ರೊಪೆಲ್ಲರ್ ಶಾಫ್ಟಿನ ಜೋಡಣೆಗೆ ಗುರುತು ಹಾಕಿ ಬಿಚ್ಚಬೇಕು. ಗುರುತಿದ್ದರೆ ಮರಳಿ ಹಾಗೆಯೇ ಕೂಡಿಸಬಹುದು, ನಡುಕವೇಳದು. ಅನಂತರ ಕ್ಲಚ್ ಕೇಬಲ್, ಸ್ಪೀಡೋಮೀಟರಿನ ಕೇಬಲ್, ರಿವರ್ಸ್ ದೀಪದ ತಂತಿ, ಗೇರಿನ ಜೋಡಣೆ, ಸ್ಟಾರ್ಟರ್ ಮೋಟಾರು ಇವನ್ನು ಒಂದೊಂದಾಗಿ ಬಿಡಿಸಬೇಕು. ಬಿಚ್ಚಿದ ಬೋಲ್ಟುಗಳನ್ನು ಬೇರೆ ಬೇರೆ ಬಟ್ಟಲುಗಳಲ್ಲಿಟ್ಟು ಚೀಟಿ ಹಚ್ಚಿದರೆ ಜೋಡಿಸುವಾಗ ಗೊಂದಲವಾಗದು. ಹೋಟೆಲಿನವರಿಗೆ ಬಟ್ಟಲುಗಳ ಬರವಿಲ್ಲ, ಗುಮಾಸ್ತರಿಗೆ ಚೀಟಿ ಬರೆಯುವುದು ಹೊಸತಲ್ಲ!

ಎಂಜಿನ್ನಿನ ಕೆಳಗೆ ಮರದ ಹಲಗೆಯಿಟ್ಟು ಒಂದು ಜಾಕಿನಿಂದಲೂ, ಗೇರ್ ಬಾಕ್ಸನ್ನು ಇನ್ನೊಂದರಿಂದಲೂ ಆಧರಿಸಿ, ಸುತ್ತಲಿನ ಬೋಲ್ಟುಗಳನ್ನು ತೆಗೆದು, ಪೆಟ್ಟಿಗೆಯನ್ನು ನೇರವಾಗಿ ಹಿಂದಕ್ಕೆ ಸರಿಸಿ ಇಳಿಸಬೇಕು. ಅದರ ಭಾರವನ್ನು ಕ್ಲಚ್ ಪ್ಲೇಟಿನೊಳಗಿರುವ ಶಾಫ್ಟಿನ ಮೇಲೆ ಜೋತುಬೀಳಗೊಡಬಾರದು.

ಈಗ ಕ್ಲಚ್ ಕಣ್ಣೆದುರಿಗಿರುತ್ತದೆ. ಅಲ್ಲಿ ಕೂತಿರುವ ಧೂಳನ್ನು ಬಾಯಿಂದಲೋ ಗಾಳಿಯ ಪಂಪಿನಿಂದಲೋ ಊದಕೂಡದು. ಹಳೆಯ ಪ್ಲೇಟುಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಮುಖಕ್ಕೆ ತಕ್ಕ ಮಾಸ್ಕ್ ಧರಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಒಂದೇ ಬದಿಯನ್ನು ಪೂರ್ತಿ ಬಿಚ್ಚಿದರೆ ಅದು ಡೊಂಕಾಗುತ್ತದೆ. ಹಳೆಯ ಪ್ಲೇಟಿನ ಯಾವ ಮುಖ ಯಾವ ಕಡೆಗಿತ್ತೆಂಬುದನ್ನು ನೋಡಿಟ್ಟುಕೊಳ್ಳುವುದು ಅವಶ್ಯ.

ಫ್ಲೈವೀಲಿನಲ್ಲಿ ಬಿರುಕು, ಆಳವಾದ ಗೀರು, ಸುಟ್ಟು ನೀಲಿಗಟ್ಟಿದ ಕಲೆ ಕಂಡರೆ ಲೇಥಿನವರಿಗೆ ತೋರಿಸಬೇಕು. ಎಣ್ಣೆ ಸೋರಿದ್ದರೆ ಸೀಲನ್ನು ಮೊದಲು ಬದಲಿಸಬೇಕು. ಇಲ್ಲವಾದರೆ ಹೊಸ ಪ್ಲೇಟೂ ಅದೇ ಎಣ್ಣೆಯಲ್ಲಿ ಮೀಯುತ್ತದೆ. ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸುವುದು ಜಾಣತನ. ಒಂದನ್ನು ಉಳಿಸಿದರೆ ಅದಕ್ಕಾಗಿ ಇಡೀ ಶ್ರಮವನ್ನು ಮತ್ತೊಮ್ಮೆ ಪಡಬೇಕಾದೀತು.

ಹೊಸ ಪ್ಲೇಟನ್ನು ನಟ್ಟನಡುವೆ ನಿಲ್ಲಿಸುವುದೇ ಈ ಕಾರ್ಯದ ಮರ್ಮ. ಅದಕ್ಕೆಂದೇ ದೊರೆಯುವ ಸಣ್ಣ ದಂಡವನ್ನೋ, ಅದೇ ಗಾತ್ರದ ಹಳೆಯ ಗೇರ್ ಶಾಫ್ಟನ್ನೋ ತೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು. ಪ್ಲೇಟು ಕೂದಲೆಳೆಯಷ್ಟು ಓರೆಯಾದರೂ ಗೇರ್ ಬಾಕ್ಸ್ ಒಳಗೆ ಸೇರದು. ಸೇರದಾಗ ಬೋಲ್ಟು ಬಿಗಿದು ಎಳೆದುಕೊಳ್ಳುವ ಹಟ ಬೇಡ. ಅದರಿಂದ ಕವಚವೇ ಸೀಳುತ್ತದೆ. ಶಾಫ್ಟಿನ ಹಲ್ಲುಗಳಿಗೆ ಗ್ರೀಸು ಲೇಪದಷ್ಟೇ ಸಾಕು. ಪ್ಲೇಟಿಗೆ ಅದರ ಸೋಂಕೂ ಆಗಬಾರದು.

ಎಲ್ಲವನ್ನೂ ಹಿಮ್ಮುಖ ಕ್ರಮದಲ್ಲಿ ಜೋಡಿಸಿ, ಗೇರ್ ಎಣ್ಣೆಯನ್ನು ತುಂಬಿ, ಪೆಡಲಿನ ಸಡಿಲವನ್ನು ಕೈಪಿಡಿಯ ಅಳತೆಗೆ ಹೊಂದಿಸಬೇಕು. ಮೊದಲ ಕೆಲವು ದಿನ ಭಾರ ಹೇರದೆ ಓಡಿಸಿದರೆ ಪ್ಲೇಟು ಚೆನ್ನಾಗಿ ಕೂಡಿಕೊಳ್ಳುತ್ತದೆ. ಏರಿನಲ್ಲಿ ಅರ್ಧ ಕ್ಲಚ್ಚಿನಿಂದ ಗಾಡಿಯನ್ನು ತಡೆದು ನಿಲ್ಲಿಸುವುದು, ಪೆಡಲಿನ ಮೇಲೆ ಸದಾ ಕಾಲಿಟ್ಟಿರುವುದು ಇವೆರಡೂ ಹೊಸ ಕ್ಲಚ್ಚಿನ ಆಯುಸ್ಸನ್ನು ಕುಗ್ಗಿಸುವ ಚಾಳಿಗಳು.

ಕೊನೆಯ ಮಾತು

ಪರವೂರಿನಲ್ಲಿ ನೆಲೆಯೂರಿದ ಕನ್ನಡಿಗನು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವನು. ಕೈಗೆ ಮಸಿ ಹತ್ತಿದರೆ ಮಾನ ಹೋಗುವುದೆಂದು ಭಾವಿಸುವವನಲ್ಲ. ಈ ವಿದ್ಯೆಯನ್ನು ಮೊದಲು ಅರಿತವರ ಬಳಿ ನಿಂತು ನೋಡಿ, ಅವರ ಕೈಗೆ ಪಾನಾ ಎತ್ತಿಕೊಟ್ಟು, ಆಮೇಲೆ ತಾನು ಕೈಯಿಕ್ಕುವುದೇ ಸರಿಯಾದ ಹಾದಿ. ಉಳಿದ ಹಣದಲ್ಲಿ ಒಂದು ಪಾಲನ್ನು ಉತ್ತಮ ಸ್ಟ್ಯಾಂಡುಗಳಿಗೂ ಪಾನಾಗಳಿಗೂ ವಿನಿಯೋಗಿಸಬೇಕು. ಅರ್ಧ ದಾರಿಯಲ್ಲಿ ಸಂದೇಹ ಬಂದರೆ ಮೇಸ್ತ್ರಿಯನ್ನು ಕರೆದು ಕೇಳಲು ಸಂಕೋಚಪಡಬಾರದು. ಅವನ ಕೂಲಿ ಅವನ ವಿದ್ಯೆಗೆ ಸಲ್ಲುವ ಗೌರವ. ವ್ಯಾನು ಒಂದು ದಿನ ತಡವಾಗಿ ಹೊರಟರೂ ಚಿಂತೆಯಿಲ್ಲ; ಅದರ ಕೆಳಗೆ ತೂರಿದವನು ಸುರಕ್ಷಿತವಾಗಿ ಹೊರಬರಬೇಕು, ಅದು ಮುಖ್ಯ.