ಹೊಣೆಯ ಕೆರೆ

ಕನ್ನಡ ಅಧ್ಯಾಪಕನಾದವನಿಗೆ ಊರವರು ಒಪ್ಪಿಸುವ ಕೆಲಸಗಳಲ್ಲಿ ಅರ್ಜಿ ಬರೆದುಕೊಡುವುದೂ ಒಂದು. ಪಂಪ ರನ್ನರನ್ನು ಓದಿದವನಿಗೆ ಒಂದು ಅರ್ಜಿ ಬರೆಯಲು ಬಾರದೆ ಹೋದೀತೆ ಎಂಬುದು ಅವರ ನಂಬಿಕೆ. 2022ರ ಮಳೆಗಾಲದಲ್ಲಿ ನಾಗಮಂಗಲ ತಾಲ್ಲೂಕಿನ ಹೊಣಕೆರೆ ಹೋಬಳಿಯ ಒಂದು ಹಳ್ಳಿಗೆ ನೆಂಟರ ಮನೆಗೆಂದು ಹೋಗಿದ್ದ ನನಗೆ ಈ ಕೆಲಸ ಬಂದೊದಗಿತು. ಊರ ಮುಂದಿನ ಕೆರೆಯ ತೂಬು ಶಿಥಿಲವಾಗಿ, ಎಷ್ಟೋ ವರ್ಷಗಳ ಮೇಲೆ ತುಂಬಿದ ನೀರು ಹಗಲಿರುಳೂ ಸೋರಿ ಹೋಗುತ್ತಿದ್ದಿತು. ಜಗಲಿಯ ಮೇಲೆ ನಾಲ್ಕಾರು ಮಂದಿ ಕೂಡಿದರು, ಹಾಳೆ ಬಂದಿತು. ತರಗತಿಯಲ್ಲಿ ಕಲಿಸುವ ಕ್ರಮದಂತೆ ಎಡಗಡೆ 'ಇವರಿಂದ' ಎಂದು ಬರೆದು ಊರವರ ಹೆಸರು ಹಾಕಿದೆ. ಅದರ ಕೆಳಗೆ 'ಇವರಿಗೆ' ಎಂದು ಬರೆದು, ಲೇಖನಿಯನ್ನು ಎತ್ತಿ ಹಿಡಿದು, "ಯಾರಿಗೆ?" ಎಂದು ಕೇಳಿದೆ.

ಅಲ್ಲಿಗೆ ನಮ್ಮ ಅರ್ಜಿ ನಿಂತಿತು. ಒಂದು ಕಚೇರಿಗೆ ಹೋದರೆ ಕೆರೆ ತಮ್ಮದಲ್ಲ ಎಂದಿದ್ದರಂತೆ. ಇನ್ನೊಂದು ಕಚೇರಿಯಲ್ಲಿ, ಕೆರೆಯೇನೋ ತಮ್ಮದೇ, ಆದರೆ ಈ ಸಾಲಿನಲ್ಲಿ ಹಣವಿಲ್ಲ ಎಂದಿದ್ದರಂತೆ. ಮೂರನೆಯದರಲ್ಲಿ ಒತ್ತುವರಿಯ ಅಳತೆಯಾಗದೆ ಏನೂ ಸಾಧ್ಯವಿಲ್ಲ ಎಂಬ ಉತ್ತರ. ಮೂಲೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರ ತಾತ ಹಿಂದೆ ಅದೇ ಕೆರೆಗೆ ನೀರುಗಂಟಿಯಾಗಿದ್ದವರು. ಅವರು ಹೇಳಿದರು: "ಆಗ ತೂಬು ಕೆಟ್ರೆ ನಮ್ ತಾತನ್ನ ಬೈಯೋರು. ಈಗ ಯಾರ್ನ ಬೈಯಾನ ಹೇಳಿ ಮೇಷ್ಟ್ರೆ?"

ಎಲ್ಲರೂ ನಕ್ಕೆವು. ಆದರೆ ಊರಿಗೆ ಹಿಂದಿರುಗುವಾಗ ಬಸ್ಸಿನಲ್ಲಿ ಆ ಮಾತು ನನ್ನನ್ನು ಬಿಡಲಿಲ್ಲ. ರಾಜ್ಯಶಾಸ್ತ್ರದವರು 'ಉತ್ತರದಾಯಿತ್ವ' ಎಂದು ಹೇಳುವುದನ್ನು ಅವರು 'ಬೈಯುವುದು' ಎಂದು ಹೇಳಿದ್ದರು, ವ್ಯತ್ಯಾಸ ಇಷ್ಟೆ. ಕನ್ನಡದಲ್ಲಿ ಅದಕ್ಕೆ 'ಹೊಣೆ' ಎಂಬ ಚೊಕ್ಕ ಮಾತೂ ಉಂಟು. ಹೊಣಕೆರೆ ಎಂಬ ಹೆಸರು ಆ ದಿನದಿಂದ ನನ್ನ ಕಿವಿಗೆ 'ಹೊಣೆಯ ಕೆರೆ' ಎಂದೇ ಕೇಳಿಸುತ್ತಿದೆ. ಇದು ನಿಷ್ಪತ್ತಿಯಲ್ಲ, ಕಿವಿಯ ಚಪಲ, ಶಬ್ದಶಾಸ್ತ್ರಜ್ಞರು ಮನ್ನಿಸಬೇಕು.

ನಮ್ಮ ನಾಡಿನಲ್ಲಿ ಅಧಿಕಾರವು ಊರಿನಿಂದ ರಾಜಧಾನಿಗೆ ಹೋದ ದಾರಿಯನ್ನು ತಿಳಿಯಬೇಕಾದವರು ಒಂದು ಕೆರೆಯ ಏರಿಯ ಮೇಲೆ ನಿಂತು ನೋಡಿದರೆ ಸಾಕು. ಶಾಸನಗಳನ್ನು ಓದಿದವರಿಗೆ 'ಕೆರೆಗೊಡಗೆ', 'ಬಿತ್ತುವಟ್ಟ' ಎಂಬ ಮಾತುಗಳು ಪರಿಚಿತ. ಕೆರೆಯ ದುರಸ್ತಿಗೆಂದು ಬಿಟ್ಟ ಭೂಮಿ, ಅಚ್ಚುಕಟ್ಟಿನ ಬೆಳೆಯಲ್ಲಿ ಅದಕ್ಕೆಂದೇ ತೆಗೆದಿರಿಸಿದ ಪಾಲು, ಇವು ಊರಿನಲ್ಲಿಯೇ ಹುಟ್ಟಿ ಊರಿನಲ್ಲಿಯೇ ವೆಚ್ಚವಾಗುತ್ತಿದ್ದುವು. ತಪ್ಪಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರುವುದೆಂದು ಕಲ್ಲಿನಲ್ಲಿಯೇ ಕೆತ್ತಿದ್ದರು. ಲೆಕ್ಕ ಪರಿಶೋಧನೆಯಿಲ್ಲದ ಕಾಲದಲ್ಲಿ ಶಾಪವೇ ಲೆಕ್ಕ ಪರಿಶೋಧನೆ. 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ ಈ ಸೀಮೆಯ ಕೆರೆಗಳ ಸರಣಿಯನ್ನು ಕಂಡು ಬೆರಗಾದುದುಂಟು. ಹೊಸ ಕೆರೆಗೆ ಸ್ಥಳ ಹುಡುಕುವುದೇ ಕಷ್ಟವೆಂಬಷ್ಟು ನಿಬಿಡವಾಗಿ ಅವು ಕಟ್ಟಿಕೊಂಡಿದ್ದುವು.

ಇಷ್ಟು ಹೇಳಿ ಹಳೆಯ ಹಳ್ಳಿಯನ್ನು ಹಾಡಿ ಹೊಗಳಿ ಕುಳಿತರೆ ಅಪ್ರಾಮಾಣಿಕತೆಯಾದೀತು. ನೀರುಗಂಟಿ, ತೋಟಿಗಳ ಕೆಲಸ ಹಲವೆಡೆ ಅಸ್ಪೃಶ್ಯರೆನಿಸಿದವರ ಪಾಲಿಗೇ ಬಿದ್ದಿದ್ದಿತು. ಊರ ಗದ್ದೆಗಳಿಗೆಲ್ಲ ನೀರು ಹಂಚುವ ಕೈ ಎಷ್ಟೋ ಕಡೆ ಊರ ಬಾವಿಯ ಹಗ್ಗವನ್ನು ಮುಟ್ಟುವಂತಿರಲಿಲ್ಲ. ಆ ಹಿರಿಯರ ತಾತನನ್ನು ಊರವರು ಬೈಯಬಹುದಾಗಿದ್ದಿತು. ಅವರು ಊರವರನ್ನು ಬೈಯುವಂತಿದ್ದಿತೆ? 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಗ್ರಾಮಗಳ ಬಗೆಗೆ ಅಷ್ಟು ಕಟುವಾಗಿ ನುಡಿದುದರ ಹಿಂದೆ ಇಂತಹ ಅನುಭವದ ಭಾರವಿದ್ದಿತು. ಅದೇ ತಿಂಗಳು ಕೆ. ಸಂತಾನಂ ಅವರ ಸೂಚನೆಯಿಂದ ಗ್ರಾಮ ಪಂಚಾಯತಿಗಳ ಮಾತು ಸಂವಿಧಾನದೊಳಗೆ ಸೇರಿತು. ಆದರೆ ನ್ಯಾಯಾಲಯದಲ್ಲಿ ಕೇಳಿ ಪಡೆಯಲಾಗದ ನಿರ್ದೇಶಕ ತತ್ತ್ವವಾಗಿ, 40ನೆಯ ವಿಧಿಯಾಗಿ. ಗಾಂಧೀಜಿಗೆ ಗೌರವ ಸಂದಿತು, ಅಂಬೇಡ್ಕರರ ಸಂಶಯ ಉಳಿಯಿತು. ಎರಡೂ ನಿಜವಾಗಿದ್ದುದರಿಂದ ಇಂದಿಗೂ ಎರಡೂ ಉಳಿದುಕೊಂಡಿವೆ.

ಮೈಸೂರು ಸಂಸ್ಥಾನದ ಮಾತಿಗೆ ಬಂದರೆ, 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆ ಒಂದು ಸೋಜಿಗ. ಸದಸ್ಯರಿಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಆದರೂ ದಸರೆಯ ಸಮಯದಲ್ಲಿ ದಿವಾನರು ಅವರೆದುರು ನಿಂತು ವರ್ಷದ ಆಡಳಿತದ ವರದಿಯನ್ನು ಓದಬೇಕಾಗಿದ್ದಿತು, ಅಹವಾಲುಗಳನ್ನು ಕೇಳಬೇಕಾಗಿದ್ದಿತು. ಅಧಿಕಾರವಿಲ್ಲದ ಸಭೆಗೂ ಉತ್ತರ ಹೇಳುವ ಸೌಜನ್ಯವಿದ್ದಿತು. ಅಧಿಕಾರವುಳ್ಳ ಸಭೆಗಳಿಗೆ ಉತ್ತರ ಸಿಕ್ಕದಿರುವ ಕಾಲವನ್ನೂ ಕಂಡಿರುವ ನಮಗೆ ಇದನ್ನು ಓದಿದಾಗ ಸ್ವಲ್ಪ ನಾಚಿಕೆಯಾಗುತ್ತದೆ. 1911ರಲ್ಲಿ ಕೆರೆ ಪಂಚಾಯತಿಗಳಿಗೆಂದೇ ಒಂದು ಕಾಯಿದೆಯೂ ಬಂದಿತು. ಆದರೆ ಹೊತ್ತಿಗೆ ಹೊತ್ತಿಗೆ ಹಣವೂ ಎಂಜಿನಿಯರರೂ ಇಲಾಖೆಯ ಕಡೆ ಸರಿದುವು. 1961ರ ಶಾಸನ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದು ಪಟೇಲ, ಶಾನುಭೋಗ ಮೊದಲಾದ ವಂಶಪಾರಂಪರ್ಯದ ಹುದ್ದೆಗಳು ಹೋದುವು. ಹೋದುದು ನ್ಯಾಯವೇ. ಆದರೆ ಆ ಹುದ್ದೆಯೊಂದಿಗೆ ಇದ್ದ ಹೊಣೆಯನ್ನು ಎತ್ತಿ ಯಾರ ಹೆಗಲಿಗೆ ಹಾಕಬೇಕೆಂಬುದನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ.

ಹೇಳಲು ಹೊರಟವರು ಒಬ್ಬರಿದ್ದರು: ಅಬ್ದುಲ್ ನಜೀರ್ ಸಾಬ್. ಬರದ ವರ್ಷಗಳಲ್ಲಿ ಕೊಳವೆಬಾವಿಗಳನ್ನು ತೋಡಿಸಿ 'ನೀರ್ ಸಾಬ್' ಎನಿಸಿಕೊಂಡ ಈ ಗುಂಡ್ಲುಪೇಟೆಯ ಮಂತ್ರಿ, ನೀರಿನಷ್ಟೇ ಅಧಿಕಾರವೂ ಮನೆಬಾಗಿಲಿಗೆ ಬರಬೇಕೆಂದು ನಂಬಿದ್ದರು. ರಾಮಕೃಷ್ಣ ಹೆಗಡೆಯವರ ಸರ್ಕಾರದ 1983ರ ಪಂಚಾಯತಿ ಮಸೂದೆಗೆ ರಾಷ್ಟ್ರಪತಿಗಳ ಒಪ್ಪಿಗೆ ಬಂದುದು 1985ರಲ್ಲಿ. ಚುನಾವಣೆ ನಡೆದುದು 1987ರ ಜನವರಿಯಲ್ಲಿ. ಸುಮಾರು 2,500 ಮಂಡಲ ಪಂಚಾಯತಿಗಳು, ಅವುಗಳಿಗೂ ಜಿಲ್ಲಾ ಪರಿಷತ್ತುಗಳಿಗೂ ಸೇರಿ ಸುಮಾರು 55,000 ಸದಸ್ಯರು, ಅವರಲ್ಲಿ ಕಾಲು ಭಾಗ ಹೆಂಗಸರು. ಜಿಲ್ಲಾ ಪರಿಷತ್ತಿನ ಅಧ್ಯಕ್ಷನಿಗೆ ರಾಜ್ಯ ಮಂತ್ರಿಯ ಸ್ಥಾನ. ಅವನ ಕೈಕೆಳಗಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ದೆಹಲಿಯಿಂದ ರಾಜ್ಯಗಳಿಗೆ ಹೆಚ್ಚು ಅಧಿಕಾರ ಬೇಕೆಂದು ಆ ಸರ್ಕಾರ ಗಟ್ಟಿಯಾಗಿ ಕೇಳುತ್ತಿದ್ದ ಕಾಲವೂ ಅದೇ. ಕೇಂದ್ರ-ರಾಜ್ಯ ಸಂಬಂಧಗಳ ವಿಚಾರಣೆಗೆ ಸರ್ಕಾರಿಯಾ ಆಯೋಗ ನೇಮಕವಾದುದೂ 1983ರಲ್ಲಿಯೇ. ಮೇಲಿನವರಿಂದ ಕೇಳಿದುದನ್ನು ಕೆಳಗಿನವರಿಗೆ ಕೊಡಲು ಮನಸ್ಸು ಮಾಡಿದ ಸರ್ಕಾರಗಳು ವಿರಳ. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. 1992ರಲ್ಲಿ ಆ ಸಂಸ್ಥೆಗಳ ಅವಧಿ ತೀರಿದಾಗ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಬಂದು ಕುಳಿತರು.

ರಾಜ್ಯಗಳ ಈ ಚಪಲಕ್ಕೆ ಕಡಿವಾಣ ಹಾಕಿದುದು ದೆಹಲಿ ಎಂಬುದನ್ನು ಮರೆಯಬಾರದು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೆಯ ತಿದ್ದುಪಡಿಯಿಂದ ಪಂಚಾಯತಿಗೆ ಸಂವಿಧಾನದ ಆಸರೆ ದೊರೆಯಿತು. ಮೂರನೆಯ ಒಂದರಷ್ಟು ಸ್ಥಾನಗಳು ಹೆಂಗಸರಿಗೆ ಮೀಸಲಾದುವು, ಪರಿಶಿಷ್ಟರಿಗೆ ಅವರ ಸಂಖ್ಯೆಗೆ ತಕ್ಕ ಪಾಲು ಬಂದಿತು. ಹಳ್ಳಿಯ ಬಲಿಷ್ಠರ ಎದುರು ನೀರುಗಂಟಿಯ ಮೊಮ್ಮಗಳು ಕುರ್ಚಿಯ ಮೇಲೆ ಕೂರುವಂತಾದುದು ಹಳ್ಳಿಯ ಔದಾರ್ಯದಿಂದಲ್ಲ, ದೂರದ ಶಾಸನದಿಂದ. ಕೇಂದ್ರವೆಂದೊಡನೆ ಹುಬ್ಬು ಗಂಟಿಕ್ಕುವ ಮಿತ್ರರಿಗೆ ನಾನು ಇದನ್ನು ನೆನಪಿಸುತ್ತಿರುತ್ತೇನೆ.

ಆದರೆ ಭಾಷೆಯನ್ನು ಪಾಠ ಹೇಳುವವನ ಕಣ್ಣು ಆ ತಿದ್ದುಪಡಿಯ ಎರಡು ಕ್ರಿಯಾಪದಗಳ ಮೇಲೆ ಬೀಳುತ್ತದೆ. ಪಂಚಾಯತಿಯ ಅವಧಿ ಐದು ವರ್ಷ, ಅದನ್ನು ಮೀರಕೂಡದು, ತೀರುವ ಮುನ್ನ ಚುನಾವಣೆ ಮುಗಿಯತಕ್ಕದ್ದು: ಇಲ್ಲಿ 'ತಕ್ಕದ್ದು'. ಯಾವ ಅಧಿಕಾರ, ಎಷ್ಟು ಹಣ ಎಂಬಲ್ಲಿ, ರಾಜ್ಯದ ವಿಧಾನಮಂಡಲ ಕೊಡಬಹುದು: ಇಲ್ಲಿ 'ಬಹುದು'. ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗೆ ಒಪ್ಪಿಸಬಹುದಾದ 29 ವಿಷಯಗಳಿವೆ. ಮೂರನೆಯದೇ ಸಣ್ಣ ನೀರಾವರಿ ಮತ್ತು ನೀರಿನ ನಿರ್ವಹಣೆ. ನಮ್ಮಲ್ಲಿ 'ಬಹುದು' ಎಂಬುದರ ಅರ್ಥ ಹೀಗಾಯಿತು: 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತಿ ವ್ಯವಸ್ಥೆಗೆ, ಅಲ್ಲಿಂದ 2,000 ಹೆಕ್ಟೇರಿನವರೆಗಿನವು ಸಣ್ಣ ನೀರಾವರಿ ಇಲಾಖೆಗೆ. ನಾನು ಅರ್ಜಿ ಬರೆಯಲು ಕುಳಿತ ಊರಿನ ಕೆರೆ ಆ ಗೆರೆಯ ಮೇಲೆಯೇ ಕಾಲಿಟ್ಟು ನಿಂತಿದ್ದಿತು. ನೀರಿಗೆ ಗೆರೆ ತಿಳಿಯದು; ಕಡತಕ್ಕೆ ತಿಳಿಯುತ್ತದೆ.

ಕೆರೆಗೆ ನೀರು ಬರುವ ದಾರಿಯಾದರೂ ಊರಿನ ಕೈಯಲ್ಲಿದೆಯೆ? ಕೃಷ್ಣರಾಜಸಾಗರದ ನಾಲೆ ಹಸಿರಾಗಿಸಿದ ಮಂಡ್ಯ ಬೇರೆ, ನಾಗಮಂಗಲದ ಬೆದ್ದಲು ಬೇರೆ. ಈ ಕಡೆಯ ರೈತ ಮಳೆ ತಪ್ಪಿದರೆ ನೋಡುವುದು ಹೇಮಾವತಿಯ ನಾಗಮಂಗಲ ಶಾಖಾ ನಾಲೆಯನ್ನು. ಅದರ ತೂಬು ಎತ್ತುವ ದಿನವನ್ನು ನಿರ್ಧರಿಸುವುದು ನೀರಾವರಿ ಸಲಹಾ ಸಮಿತಿ. ಅದರ ಮೇಲೆ, ಸುಪ್ರೀಂ ಕೋರ್ಟಿನ ತೀರ್ಪಿನಂತೆ 2018ರಲ್ಲಿ ದೆಹಲಿಯಲ್ಲಿ ರಚನೆಯಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ. ಒಂದು ನದಿಯನ್ನು ನಾಲ್ಕು ಸೀಮೆಗಳು ಹಂಚಿಕೊಳ್ಳುವಾಗ ಮೇಲೊಬ್ಬ ತೀರ್ಪುಗಾರ ಬೇಕು, ಇಲ್ಲವೆಂದವರು ಯಾರು? ಆದರೆ ದೆಹಲಿಯಲ್ಲಿ ಆದ ತೀರ್ಮಾನವನ್ನು ಈ ಜಗಲಿಯವರೆಗೆ ತಂದು ಹೇಳುವ, ಇಲ್ಲಿನ ಮಾತನ್ನು ಅಲ್ಲಿಗೆ ಒಯ್ಯುವ ಮೆಟ್ಟಿಲುಗಳು ಇರಬೇಕಷ್ಟೆ.

ಆ ಮೆಟ್ಟಿಲುಗಳೇ 2021ರಲ್ಲಿ ಬರಿದಾದುವು. 2016ರಲ್ಲಿ ಆಯ್ಕೆಯಾದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳ ಅವಧಿ ತೀರಿತು. ಕ್ಷೇತ್ರಗಳ ಗಡಿ ಗುರುತಿಸುವ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಟ್ಟರು. ವಿಳಂಬಕ್ಕಾಗಿ 2022ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ವಿಧಿಸಿತು. 2023 ಕಳೆಯಿತು, 2024 ಕಳೆಯಿತು, ಚುನಾವಣೆಯಿಲ್ಲ. ಆಡಳಿತಾಧಿಕಾರಿಗಳಲ್ಲಿ ದಕ್ಷರೂ ಸಜ್ಜನರೂ ಇರಬಹುದು. ಆದರೆ ಅವರನ್ನು ಮುಂದಿನ ಚುನಾವಣೆಯಲ್ಲಿ ಸೋಲಿಸುತ್ತೇವೆಂದು ಹೆದರಿಸಲು ನೀರುಗಂಟಿಯ ಮೊಮ್ಮಗನಿಗೆ ಸಾಧ್ಯವಿಲ್ಲ. 'ತಕ್ಕದ್ದು' ಕೂಡ 'ಬಹುದು' ಆಗಿಬಿಟ್ಟಿತು. ವ್ಯಾಕರಣದಲ್ಲಿ ಇಂತಹ ಅರ್ಥಪಲ್ಲಟಕ್ಕೆ ಶತಮಾನಗಳು ಬೇಕು. ಆಡಳಿತದಲ್ಲಿ ಒಂದು ತಿದ್ದುಪಡಿ ಸಾಕಾಯಿತು.

ಅಂದು ಜಗಲಿಯ ಮೇಲೆ ಕಡೆಗೆ ನಾನು ಒಂದು ಉಪಾಯ ಮಾಡಿದೆ. 'ಇವರಿಗೆ' ಎಂಬುದರ ಕೆಳಗೆ ಒಂದರ ಕೆಳಗೊಂದು ನಾಲ್ಕು ವಿಳಾಸಗಳನ್ನು ಬರೆದು, ಅರ್ಜಿಯನ್ನು ಓದಿ ಹೇಳಿದೆ. ಹಿರಿಯರು ಹಾಳೆಯನ್ನು ಈಸಿಕೊಂಡು ದೂರ ಹಿಡಿದು ನೋಡಿದರು. "ನಾಕ್ ಜನಕ್ಕೆ ಒಂದೇ ಕಾಗ್ದ ಆದ್ರೆ ಒಬ್ರೂ ತಗಳಾಕಿಲ್ಲ ಮೇಷ್ಟ್ರೆ. ಒಬ್ಬೊಬ್ರಿಗೆ ಒಂದೊಂದು ಬರೀರಿ" ಎಂದರು. ಇನ್ನೂ ಮೂರು ಹಾಳೆಗೆ ಹುಡುಗನನ್ನು ಅಂಗಡಿಗೆ ಕಳಿಸಿದೆವು. ಅವನು ಬರುವಷ್ಟರಲ್ಲಿ ಕತ್ತಲಾಗುತ್ತ ಬಂದಿತ್ತು. ಮಣ್ಣು ತುಂಬಿದ ಗೊಬ್ಬರದ ಚೀಲಗಳನ್ನು ಹೊತ್ತು ಐದಾರು ಮಂದಿ ತೂಬಿನ ಕಡೆ ಏರಿಯ ಮೇಲೆ ಹೋಗುತ್ತಿದ್ದರು.