ಏಳನೇ ಕ್ಲಾಸಿನ 'ಕ್ರಶ್': ಬೈಯೋ ಮುಂಚೆ ಇದನ್ನೊಮ್ಮೆ ಓದಿ

ಏಳನೇ ಕ್ಲಾಸಿನ ಹುಡುಗ ಇದ್ದಕ್ಕಿದ್ದಂತೆ ಕನ್ನಡಿ ಮುಂದೆ ಅರ್ಧ ಗಂಟೆ ನಿಲ್ತಾನೆ. ಪ್ರಾಣವಾಗಿದ್ದ ಕಬಡ್ಡಿ ಬಿಟ್ಟು, ಕ್ಲಾಸಿನ ಹುಡುಗಿಯೊಬ್ಬಳಿಗೆ ಇಷ್ಟ ಅಂತ ಕ್ರಿಕೆಟ್ ಬ್ಯಾಟ್ ಹಿಡೀತಾನೆ. ಹುಡುಗಿಯರೂ ಅಷ್ಟೇ. ಫ್ಯಾನ್ಸಿ ಸ್ಟೋರ್, ಕಟಿಂಗ್ ಶಾಪ್‌ನವರಿಗೆ ಇದು ಮನೆಯವರಿಗಿಂತ ಮೊದಲೇ ಗೊತ್ತಾಗಿರುತ್ತೆ.

ಹೆದರೋ ಅಗತ್ಯ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷವನ್ನು ಹದಿಹರೆಯ ಎನ್ನುತ್ತದೆ. ಈ ವಯಸ್ಸಲ್ಲಿ ಹಾರ್ಮೋನ್ ಬದಲಾವಣೆ ಜತೆಗೆ, ಓರಗೆಯವರ ಮೆಚ್ಚುಗೆಗೆ ಮಿದುಳು ಜಾಸ್ತಿ ಸ್ಪಂದಿಸುತ್ತದೆ. ಯೋಚಿಸಿ ತಡೆಯುವ ಭಾಗ ಪೂರ್ತಿ ಬಲಿಯೋದು 25ರ ಆಸುಪಾಸಿನಲ್ಲಿ. ಹಾಗಾಗಿ ಮಕ್ಕಳು ಬೇರೆಯವರ ಥರ ಇದ್ದು ನೋಡಿಯೇ ತಮಗೆ ಯಾವುದು ಒಗ್ಗುತ್ತೆ, ಯಾವುದು ಒಗ್ಗಲ್ಲ ಅಂತ ಕಲೀತಾರೆ.

ಎಡವಟ್ಟಾಗೋದು ಮನೆಯಲ್ಲಿ. ನೋಟ್‌ಬುಕ್ಕಲ್ಲಿ ಒಂದು ಹೆಸರು ಸಿಕ್ಕರೆ ಸಾಕು, ಏಟು. ಹುಡುಗಿಯಾದರೆ ಶಾಲೆಯೇ ಬಂದ್ (ಹುಡುಗನಿಗೆ ಈ ಶಿಕ್ಷೆ ಕೊಡೋರು ಕಮ್ಮಿ). 6ರಿಂದ 14 ವರ್ಷದವರಿಗೆ ಶಿಕ್ಷಣ ಕಾನೂನಿನ ಹಕ್ಕು, ಅದನ್ನು ಕಿತ್ತುಕೊಳ್ಳುವಂತಿಲ್ಲ. ಬೈಯೋ ಬದಲು, 'ಕಬಡ್ಡಿ ಯಾಕಪ್ಪ ಬಿಟ್ಟೆ, ನಿಂಗೆ ಬೇಜಾರಾಗಿತ್ತಾ?' ಅಂತ ಕೇಳಿ, ಆಮೇಲೆ ಸುಮ್ಮನೆ ಕೂತು ಕೇಳಿಸಿಕೊಳ್ಳಿ.

ಮಗು ವಾರಗಟ್ಟಲೆ ಊಟ-ನಿದ್ದೆ ಬಿಟ್ಟು ಮಂಕಾಗಿದ್ದರೆ ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ಗೆ ಕರ್ಕೊಂಡು ಹೋಗಿ. ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.