ಊರ ಗಾಡಿಗೆ ಊರವರೇ ಸಾರಥಿಗಳು

ಕೊಕ್ಕರೆ ಬೆಳ್ಳೂರಿನ ಹುಣಿಸೆಮರಗಳಲ್ಲಿ ಗೂಡುಕಟ್ಟುವ ಹೆಜ್ಜಾರ್ಲೆಗಳನ್ನು ನೋಡಲು ಪಟ್ಟಣಿಗರು ಮೋಟಾರುಗಳಲ್ಲಿ ಬರುವರು. ಊರವರಿಗೋ ಬೆಂಗಳೂರು-ಮೈಸೂರು ಹೆದ್ದಾರಿಯೇ ಸುಮಾರು 12 ಕಿಲೋಮೀಟರು ದೂರ. 2023ರ ಜೂನ್ ತಿಂಗಳಿಂದ ಸರಕಾರಿ ಬಸ್ಸಿನಲ್ಲಿ ಸ್ತ್ರೀಯರು ಹಣ ತೆರಬೇಕಾಗಿಲ್ಲವೆಂಬುದು ಸಂತೋಷವೇ. ಆದರೆ ನಡುರಾತ್ರಿ ಹೆರಿಗೆಯ ನೋವೆದ್ದರೆ ಬಸ್ಸೆಲ್ಲಿಯದು? 108ರ ವಾಹನವುಂಟು, ಅದು ಬಂದು ಮುಟ್ಟುವ ತನಕ?

ಬಂಗಾಳದ ಜಲಪಾಯಿಗುರಿ ಜಿಲ್ಲೆಯ ಕರೀಮುಲ್ ಹಕ್ ಎಂಬವರು ಇದಕ್ಕೊಂದು ದಾರಿ ತೋರಿದ್ದಾರೆ. ಚಹಾತೋಟದ ಕೆಲಸಗಾರರಾದ ಅವರು ವಾಹನ ಸಿಕ್ಕದೆ ತಾಯಿಯನ್ನು ಕಳೆದುಕೊಂಡವರು. ಬಾಡಿಗೆ ಕೇಳದೆ ತಮ್ಮ ಮೋಟಾರು ಸೈಕಲ್ಲಿನಲ್ಲಿಯೇ ರೋಗಿಗಳನ್ನು ಆಸ್ಪತ್ರೆಗೆ ಒಯ್ಯತೊಡಗಿದರು. 2017ರಲ್ಲಿ ಪದ್ಮಶ್ರೀ ಬಂತು. (ಪ್ರಶಸ್ತಿಗಿಂತ ಆ ಗಾಡಿಯ ಹಿಂಬದಿಯ ಪೀಠವೇ ದೊಡ್ಡದೆಂದು ನಮಗೆ ತೋರುತ್ತದೆ.)

ಗೂಡಿನಿಂದ ಬಿದ್ದ ಮರಿಗಳನ್ನು ಸಲಹುವ ‘ಹೆಜ್ಜಾರ್ಲೆ ಬಳಗ’ದ ತರುಣರನ್ನು ಕಂಡ ಊರು ಬೆಳ್ಳೂರು. ಅಲ್ಲಿ ವಾಹನವುಳ್ಳ ನಾಲ್ವರು ರಾತ್ರಿಗೊಬ್ಬರಂತೆ ಸರದಿ ಹಿಡಿಯುವುದು ಅಸಾಧ್ಯವೇ? ಪೆಟ್ರೋಲಿನ ಹಣವನ್ನು ಊರವರು ಕೂಡಿ ತೆರಲಿ.